ಕೌದಿ-ದಾನ ಪ್ರಕರಣ: ಹಾರೂಗೇರಿ ಸೀಮೆಯ ಹೊಲಿಗೆ ಉಡುಗೊರೆಗಳ ಶಾಸ್ತ್ರ

ಲಕ್ಷಣ

ಹಳೆಯ ಸೀರೆ, ಧೋತರ, ಜಂಪರು, ಲಂಗ, ಪಟಕಗಳನ್ನು ಪದರು ಪದರಾಗಿ ಹಾಸಿ, ಅವುಗಳ ಮೇಲೆ ಉದ್ದಕ್ಕೂ ಕೈಹೊಲಿಗೆ ಓಡಿಸಿದ ಹಾಸು ಅಥವಾ ಹೊದಿಕೆಗೆ ಕೌದಿ ಎನ್ನುತ್ತಾರೆ. ಲಕ್ಷಣವನ್ನು ಇಷ್ಟಕ್ಕೇ ನಿಲ್ಲಿಸಿದರೆ ಅತಿವ್ಯಾಪ್ತಿ ದೋಷ ಬರುತ್ತದೆ. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಸಿಂಧದ ರಲ್ಲಿ, ಗಡಿಯಾಚೆಯ ಮರಾಠಿಗರ ಗೋಧಡಿ ಎಲ್ಲವೂ ಇದರೊಳಗೆ ಬಂದು ಕೂರುತ್ತವೆ. ಆದ್ದರಿಂದ ಹಾರೂಗೇರಿ, ರಾಯಬಾಗ, ಕುಡಚಿ, ಅಥಣಿ ಸೀಮೆಯ ಶಾಸ್ತ್ರಜ್ಞೆಯರು ಇನ್ನೊಂದು ವಿಶೇಷಣ ಸೇರಿಸುತ್ತಾರೆ. ಈ ಶಾಸ್ತ್ರಜ್ಞೆಯರು ಸಾಮಾನ್ಯವಾಗಿ ಅರವತ್ತು ದಾಟಿದವರು. ಸಿದ್ಧಾಂತದಲ್ಲಿ ಸ್ವತಂತ್ರರು, ಸೂಜಿಗೆ ದಾರ ಪೋಣಿಸುವ ವಿಷಯದಲ್ಲಿ ಮಾತ್ರ ಮೊಮ್ಮಕ್ಕಳ ಅಧೀನರು. ಅವರ ಪ್ರಕಾರ, ಯಾವ ತುಂಡು ಯಾರದು ಎಂದು ಬೆರಳಿಟ್ಟು ತೋರಿಸಲು ಬಂದರೆ ಮಾತ್ರ ಅದು ಕೌದಿ. “ಇದು ನಿಮ್ಮ ಮುತ್ತ್ಯಾನ ಪಟಕ, ಇದು ನಿಮ್ಮವ್ವ ನಿನ್ನ ಹಡದಾಗ ಉಟ್ಟಿದ್ದ ಸೀರಿ” ಎಂಬ ವಾಕ್ಯ ಹುಟ್ಟದ ಹೊದಿಕೆಯನ್ನು ಚಾದರ ಎಂದು ಕರೆದು ಕೈಬಿಡಬೇಕು.

ಈ ವಿಶೇಷಣದಿಂದ ಸೊಲ್ಲಾಪುರದ ಚಾದರ, ಅಂಗಡಿಯ ರಜಾಯಿ, ಇಚಲಕರಂಜಿಯ ಪವರ್‌ಲೂಮಿನಿಂದ ಗಜಗಟ್ಟಲೆ ಇಳಿದುಬರುವ ಸಕಲವೂ ಶಾಸ್ತ್ರದಿಂದ ಹೊರಗುಳಿಯುತ್ತವೆ. ಕುರುಬರ ಕಂಬಳಿಯದು ಬೇರೆಯೇ ಶಾಸ್ತ್ರ. ಅದಕ್ಕೆ ಕುರಿಯ ಸಮ್ಮತಿ ಬೇಕು, ಕೌದಿಗೆ ಸೊಸೆಯಂದಿರ ಸಮ್ಮತಿ ಸಾಕು. ಎರಡರಲ್ಲಿ ಯಾವುದು ಸುಲಭವಾಗಿ ದೊರೆಯುತ್ತದೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಗೋಧಡಿಯನ್ನು ಬೇರ್ಪಡಿಸುವುದೇ ಕಷ್ಟ. ಮಹಾರಾಷ್ಟ್ರದೊಂದಿಗಿನ ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಯಾವ ಊರು ಎತ್ತ ಸೇರಬೇಕೆಂದು ಅದರಲ್ಲಿದೆ. ಕೌದಿ ಎಲ್ಲಿ ಮುಗಿದು ಗೋಧಡಿ ಎಲ್ಲಿ ಶುರುವಾಗುತ್ತದೆ ಎಂಬ ಮೂಲ ಪ್ರಶ್ನೆಗೆ ಮಾತ್ರ ಉತ್ತರವಿಲ್ಲ. ವ್ಯವಹಾರದಲ್ಲಿ ಬೀಗರು ಗಡಿಯಾಚೆಯವರಾದರೆ ಕೊಡುವಾಗ ಕೌದಿ, ಮುಟ್ಟಿದ ಮೇಲೆ ಗೋಧಡಿ.

ಪ್ರಾಚೀನತೆಯ ಬಗ್ಗೆ ಎರಡು ಮಾತು ಸಾಕು. ಬೌದ್ಧ ಭಿಕ್ಷುಗಳ ಚೀವರವನ್ನು ತುಂಡುಗಳಿಂದ ಕೂಡಿಸಿ ಹೊಲಿಯಬೇಕೆಂದೂ, ಮಗಧದ ಬದುಗಳಿಂದ ಕೂಡಿದ ಹೊಲಗಳನ್ನು ನೋಡಿ ಆನಂದನು ಅದರ ವಿನ್ಯಾಸ ಮಾಡಿದನೆಂದೂ ವಿನಯಪಿಟಕ ಹೇಳುತ್ತದೆ. ಹಾಗಾದರೆ ತ್ಯಾಪೆ ಹಚ್ಚುವ ಕಲೆಗೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿದ ವಂಶಾವಳಿ ಉಂಟು. ಹಾರೂಗೇರಿಯ ಪಂಡಿತೆಯರು ಇದನ್ನು ಒಪ್ಪುತ್ತಾರಾದರೂ ಒಂದು ಆಕ್ಷೇಪವನ್ನು ದಾಖಲಿಸುತ್ತಾರೆ: ಸಂಸಾರ ಬಿಟ್ಟವನ ತುಂಡುಗಳಲ್ಲಿ ಜಗಳಕ್ಕೆ ಆಸ್ಪದವಿಲ್ಲ, ಜಗಳವಿಲ್ಲದ ಕಡೆ ಹೊಲಿಗೆ ಬಿಗಿಯಾಗಿ ಬರುವುದಿಲ್ಲ.

ದ್ರವ್ಯ

ಉತ್ತಮ ದ್ರವ್ಯವೆಂದರೆ ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆ. ಅದರಲ್ಲೂ ಇಳಕಲ್ ಸೀರೆಗೆ ಅಗ್ರಸ್ಥಾನ. ಕೆಂಪು ಸೆರಗಿನ ಮೇಲೆ ಬಿಳಿಯ ಟೋಪಿ-ತೆನಿ ಇರುವ ಭಾಗವನ್ನು ಕೌದಿಯ ನಟ್ಟನಡುವೆ ಇಡುವುದು ರೂಢಿ. ಒಡಲು ಎಷ್ಟೇ ಸವೆದರೂ ಸೆರಗು ಕೊನೆಯವರೆಗೂ ಮೆರೆಯುತ್ತದೆ. ಗುಳೇದಗುಡ್ಡದ ಖಣದ ಚೌಕಗಳು ಅಲಂಕಾರಕ್ಕೆ. ಧೋತರ ಮತ್ತು ಪಟಕಗಳು ಬಿಳಿಯ ಅಸ್ತರಿಗೆ, ಅಂದರೆ ಯಾರೂ ನೋಡದ ಹೊಣೆಗಾರಿಕೆಗೆ. ಮನೆಯಲ್ಲಿ ಗಂಡಸರ ಸ್ಥಾನವೂ ಬಹುಮಟ್ಟಿಗೆ ಅದೇ ಆಗಿರುವುದರಿಂದ ಇದನ್ನು ಯಾರೂ ಪ್ರಶ್ನಿಸಿಲ್ಲ.

ಪಾಲಿಯೆಸ್ಟರ್ ಸೀರೆ ಬಂದ ಮೇಲೆ ಶಾಸ್ತ್ರದಲ್ಲಿ ಬಿಕ್ಕಟ್ಟು ತಲೆದೋರಿತು. ಅದು ಹರಿಯುವುದಿಲ್ಲ, ಮಾಸುವುದಿಲ್ಲ, ಬೆವರು ಹೀರುವುದಿಲ್ಲ, ಸೂಜಿಯ ಕೆಳಗೆ ನಿಲ್ಲದೆ ಜಾರುತ್ತದೆ. ಹರಿಯದ ಸೀರೆ ಹಳೆಯದಾಗುವುದು ಯಾವಾಗ? ಒಂದು ಪಕ್ಷದವರ ಪ್ರಕಾರ ಉಟ್ಟವಳಿಗೆ ಬೇಸರ ಬಂದಾಗ. ಇನ್ನೊಂದು ಪಕ್ಷದವರ ಪ್ರಕಾರ ನೆಗೆಣ್ಣಿ ಅದೇ ನಮೂನೆಯ ಸೀರೆ ತಂದಾಗ. ಎರಡನೆಯದೇ ಸಿದ್ಧಾಂತ. ಅಂಥ ಸೀರೆಯನ್ನು ಮೇಲ್ಪದರಿಗೆ ಮಾತ್ರ ಹಾಕಿ, ಮೈಗೆ ತಾಗುವ ಕಡೆ ಹತ್ತಿಯನ್ನೇ ಉಳಿಸುವುದು ಈಗಿನ ರಾಜಿಸೂತ್ರ.

ಇಲ್ಲಿ ಜಂಪರ ಪೀಸಿನ ಅಕ್ಷಯತ್ವ ನಿಯಮವನ್ನು ವಿವರವಾಗಿ ಹೇಳಬೇಕು, ಏಕೆಂದರೆ ಕೌದಿಯ ಅರ್ಥಶಾಸ್ತ್ರವೆಲ್ಲ ಅದರ ಮೇಲೆ ನಿಂತಿದೆ. ಮದುವೆ, ಸೀಮಂತ, ಮನೆಶಾಂತಿ, ಉಡಿ ತುಂಬುವಿಕೆ ಎಲ್ಲ ಕಡೆ ಮುತ್ತೈದೆಯರಿಗೆ ಒಂದು ಜಂಪರ ಪೀಸು ಸಲ್ಲುತ್ತದೆ. ಪಡೆದವಳು ಅದನ್ನು ಹೊಲಿಸುವುದಿಲ್ಲ. ಹೊಲಿಸಲು ಹೊಂದುವ ಸೀರೆಯಿಲ್ಲ, ಇದ್ದರೂ ಅಳತೆಗೆ ಸಾಲುವುದಿಲ್ಲ. ಆದ್ದರಿಂದ ಟ್ರಂಕಿನಲ್ಲಿಟ್ಟು ಮುಂದಿನ ಕಾರ್ಯದಲ್ಲಿ ಬೇರೊಬ್ಬಳಿಗೆ ಕೊಡುತ್ತಾಳೆ. ಹಾರೂಗೇರಿಯಿಂದ ಹೊರಟ ಪೀಸು ಮುಗಳಖೋಡ, ಗೋಕಾಕ, ಜಮಖಂಡಿ ತಿರುಗಿ, ಮಡಿಕೆಯ ಗೆರೆ ಮತ್ತಷ್ಟು ಗಟ್ಟಿಯಾಗಿ, ಕೆಲವು ವರ್ಷಗಳಲ್ಲಿ ಹೊರಟ ಮನೆಗೇ ಬರುತ್ತದೆ. ಗಂಡಸರ ಪಾಲಿನ ಟವೆಲ್-ಟೋಪಿಗೂ ಇದೇ ಗತಿ. ಹೀಗೆ ಹುಟ್ಟಿದ ವಸ್ತು ನಾಶವಾಗದೆ, ಬಳಕೆಗೂ ಬಾರದೆ ಸುತ್ತುವ ಈ ಚಕ್ರದಿಂದ ಬಿಡುಗಡೆ ದೊರಕಿಸುವ ಏಕೈಕ ಸಂಸ್ಥೆ ಕೌದಿ. ಅಜ್ಜಿ ಒಂದು ದಿನ ಟ್ರಂಕು ತೆಗೆದು, ಪೀಸುಗಳನ್ನು ರಾಶಿ ಹಾಕಿ, ಕತ್ತರಿ ಕೈಗೆತ್ತಿಕೊಂಡಳೆಂದರೆ ಅವುಗಳ ಪುನರ್ಜನ್ಮ ಅಲ್ಲಿಗೆ ಮುಗಿಯಿತು.

ಪದರ ನ್ಯಾಯ

ಕೌದಿಯಲ್ಲಿ ಯಾವ ಸೀರೆ ಮೇಲೆ, ಯಾವುದು ಒಳಗೆ, ಯಾವುದು ಕೆಳಗೆ ಎಂಬುದು ಬಣ್ಣದ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ. ದೊಡ್ಡ ಕೌದಿಗೆ ನಾಲ್ಕೈದು ಸೀರೆ ಹಿಡಿಸುತ್ತವೆ. ಮನೆಯಲ್ಲಿ ಹೆಂಗಸರು ಅಷ್ಟೇ ಇದ್ದರೆ ಒಬ್ಬೊಬ್ಬರದು ಒಂದೊಂದು ಹೋಗುತ್ತದೆ, ವ್ಯಾಜ್ಯವೂ ಅಲ್ಲಿಂದಲೇ ಶುರುವಾಗುತ್ತದೆ. ಮೇಲ್ಪದರು ಅತ್ತೆಯ ತವರಿನಿಂದ ಬಂದ ಸೀರೆಗೆ ಮೀಸಲು. ಹಿರಿಯ ಸೊಸೆಯದು ಅಂಚಿನ ಪಟ್ಟಿಗೆ ಬರುತ್ತದೆ. ಕಿರಿಯ ಸೊಸೆ ತವರಿನಿಂದ ತಂದ ಸೀರೆ, ಅದು ಎಷ್ಟೇ ಚೆಂದವಿರಲಿ, “ಅದನ್ಯಾಕ ಮ್ಯಾಲ ಹಾಕ್ತಿ, ಒಳಗ ತಳ್ಳು” ಎಂಬ ಒಂದೇ ಮಾತಿನಲ್ಲಿ ನಡುಪದರಿಗೆ ಸರಿಯುತ್ತದೆ.

ಆದರೆ ನಡುಪದರಿನ ಸೀರೆಗೆ ಬಿಸಿಲಿಲ್ಲ, ತಿಕ್ಕಾಟವಿಲ್ಲ. ಮೇಲಿನ ಪದರು ಸವೆದು ಹರಿಯುವ ಹೊತ್ತಿಗೆ ಒಳಗಿನದು ಬಣ್ಣ ಮಾಸದೆ ಇಣುಕಲು ಶುರುವಾಗುತ್ತದೆ. ಆ ಹೊತ್ತಿಗೆ ಕಿರಿಯ ಸೊಸೆಯೇ ಅತ್ತೆಯಾಗಿರುವ ಸಂಭವ ಹೆಚ್ಚು. ಇತಿಹಾಸಕಾರರು ಇದನ್ನು ಅಧಿಕಾರದ ಹಸ್ತಾಂತರ ಎನ್ನುತ್ತಾರೆ. ಮನೆಯಲ್ಲಿ ಇದಕ್ಕೆ ಯಾವ ಹೆಸರನ್ನೂ ಇಟ್ಟಿಲ್ಲ, ಆದರೆ ಹರಿದ ಜಾಗಕ್ಕೆ ತ್ಯಾಪೆ ಹಚ್ಚಲು ಹೊಸ ಅತ್ತೆ ಅವಸರ ಮಾಡದೆ ಇರುವುದನ್ನು ಎಲ್ಲರೂ ಗಮನಿಸಿರುತ್ತಾರೆ.

ಕರ್ತೃ ಮತ್ತು ಕ್ರಿಯೆ

ಕೌದಿ ಹೊಲಿಯುವವರಲ್ಲಿ ಎರಡು ಬಗೆ. ಮೊದಲನೆಯವರು ಊರೂರು ತಿರುಗಿ ಹೊಲಿದುಕೊಡುವ ಹೆಂಗಸರು. ಇವರಲ್ಲಿ ಗೋಂಧಳಿ ಸಮುದಾಯದವರು ಪ್ರಸಿದ್ಧರು. ಗಂಡಸರು ಸಂಬಾಳ ಬಾರಿಸುತ್ತ ಅಂಬಾಭವಾನಿಯ ಗೋಂಧಳ ಹಾಕಿದರೆ, ಹೆಂಗಸರು ಸೂಜಿ, ದಬ್ಬಣ, ಪಿನ್ನು ಮಾರುತ್ತ ಕೌದಿಗೆ ಕರೆ ಬಂದಲ್ಲಿ ಕೂರುತ್ತಾರೆ. ಕೂಲಿ ಹಿಂದೆ ಜೋಳ ಮತ್ತು ಹಳೆಯ ಸೀರೆಯ ರೂಪದಲ್ಲಿತ್ತು, ಈಗ ರೊಕ್ಕ. ಇವರ ಕೈ ಚುರುಕು, ಸಾಲು ನೇರ. ಎರಡನೆಯವರು ಮನೆಯ ಹೆಂಗಸರು. ಇವರ ಸಾಲು ಡೊಂಕು. ಡೊಂಕಿನ ಕಾರಣವನ್ನು ಕೇಳಿದರೆ ಆ ಸಾಲು ಹೊಲಿಯುವಾಗ ಬಂದ ಸುದ್ದಿಯೊಂದನ್ನು ಹೇಳುತ್ತಾರೆ. ಉಡುಗೊರೆಗೆ ಎರಡನೆಯ ಬಗೆಯೇ ಶ್ರೇಷ್ಠವೆಂದು ಶಾಸ್ತ್ರ ಹೇಳುತ್ತದೆ, ಮುಖ್ಯವಾಗಿ ಕೂಲಿ ಉಳಿಯುವುದರಿಂದ.

ಕ್ರಿಯೆ ಸುಗ್ಗಿ ಮುಗಿದು ಮಳೆ ಹಿಡಿಯುವುದರೊಳಗೆ ನಡೆಯಬೇಕು. ಸಾರಿಸಿದ ಪಡಸಾಲೆಯಲ್ಲಿ ಅಸ್ತರು ಹಾಸಿ, ಅದರ ಮೇಲೆ ಪದರುಗಳನ್ನು ಸುಕ್ಕು ತೆಗೆದು ಎಳೆದು, ನಾಲ್ಕು ಮೂಲೆಗೆ ಭಾರ ಇಡುತ್ತಾರೆ. ಭಾರಕ್ಕೆ ಒಳಕಲ್ಲಿನ ಗುಂಡು, ತುಂಬಿದ ತಂಬಿಗೆ, ಎದ್ದುಹೋಗುವುದಿಲ್ಲವೆಂದು ಮಾತು ಕೊಟ್ಟ ಮಗು, ಯಾವುದಾದರೂ ಆಗಬಹುದು. ಮೊದಲು ಉದ್ದುದ್ದ ಟಾಕು ಹಾಕಿ ಪದರುಗಳನ್ನು ಹಿಡಿದು ನಿಲ್ಲಿಸಬೇಕು. ಆಮೇಲೆ ಹೊಲಿಯುವವಳು ಕೌದಿಯ ಮೇಲೆಯೇ ಕೂತು, ಎಡಗೈ ಅಂಗೈಯಿಂದ ಅರಿವೆ ಸವರಿ, ಸೂಜಿಯ ತುದಿಯಲ್ಲಿ ನಾಲ್ಕೈದು ಹೊಲಿಗೆ ಒಮ್ಮೆಗೇ ಪೋಣಿಸಿಕೊಂಡು ದಾರವನ್ನು ಕಿವಿಯವರೆಗೆ ಎಳೆಯುತ್ತಾಳೆ. ದಾರ ಎಳೆದಾಗ ಸರ್ ಎಂದು ಸದ್ದಾಗಬೇಕು; ಆಗದಿದ್ದರೆ ಅರಿವೆಯಲ್ಲಿ ಹತ್ತಿಯಿಲ್ಲ. ಸಾಲಿನಿಂದ ಸಾಲಿಗೆ ಬೆರಳಿನಷ್ಟು ಅಂತರ. ಆ ಬೆರಳು ಯಾರದು ಎಂದು ಶಾಸ್ತ್ರ ನಿಗದಿ ಮಾಡದಿರುವುದರಿಂದ ಪ್ರತಿ ಮನೆಯ ಕೌದಿಯ ಗಟ್ಟಿತನ ಬೇರೆ.

ಹೊಲಿಗೆಯಂತ್ರದ ಬಗ್ಗೆ ಪೂರ್ವಪಕ್ಷವೊಂದಿದೆ. ಐಸಾಕ್ ಸಿಂಗರ್ 1851ರಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದ. ಉಷಾ ಯಂತ್ರ ಪ್ರತಿ ಊರಿನ ಶಿಂಪಿಗರ ಅಂಗಡಿಗೂ ಬಂದು ಕೂತಿದೆ. ಹೀಗಿರುವಾಗ ವಾರಗಟ್ಟಲೆ ಕೈಯಿಂದ ಹೊಲಿಯುವುದೇಕೆ ಎಂಬುದು ಆಕ್ಷೇಪ. ಸಮಾಧಾನ ಹೀಗಿದೆ: ಐದಾರು ಪದರು ಕೂಡಿಸಿ ಯಂತ್ರದ ಕಾಲಿನ ಕೆಳಗೆ ತುರುಕಿದರೆ ಸೂಜಿ ಮುರಿಯುತ್ತದೆ, ಮುರಿಯದಿದ್ದರೂ ಕೌದಿ ಹಲಗೆಯಂತೆ ಬಿರುಸಾಗುತ್ತದೆ. ಇದಕ್ಕೂ ಮಿಗಿಲಾದ ಕಾರಣ, ಯಂತ್ರದ ಸದ್ದಿನಲ್ಲಿ ಪಕ್ಕದ ಮನೆಯ ಮಾತು ಕೇಳಿಸುವುದಿಲ್ಲ.

ಪಂಥಭೇದ

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳಲ್ಲಿರುವ ಸಿದ್ದಿಯರದು ಪ್ರತ್ಯೇಕ ಪಂಥ. ಆಫ್ರಿಕಾ ಮೂಲದ ಈ ಸಮುದಾಯದ ಹೆಂಗಸರು ಕವಂದಿ ಎಂಬ ತಮ್ಮ ಕೌದಿಯನ್ನು ಅಂಚಿನಿಂದ ಹೊಲಿಯಲು ತೊಡಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೆ ಮಡಿಸಿದ ತ್ರಿಕೋನದ ಫುಲಾ ಹಚ್ಚದಿದ್ದರೆ ಅದು ಪೂರ್ತಿಯಾಯಿತೆಂದು ಒಪ್ಪುವುದಿಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕವಂದಿಗಳ ಮೇಲೆ ಅಧ್ಯಯನ ಮಾಡಿದ ಬಳಿಕ ಅವು ಕಡಲಾಚೆಯ ಪ್ರದರ್ಶನಗಳಿಗೂ ಹೋದವು. ಹಾರೂಗೇರಿಯ ಪಂಡಿತೆಯರು ಇದನ್ನು ಗೌರವದಿಂದಲೇ ಕೇಳಿಸಿಕೊಳ್ಳುತ್ತಾರೆ, ಆದರೆ ಹೊದ್ದುಕೊಳ್ಳುವ ವಸ್ತುವನ್ನು ಗೋಡೆಗೆ ತೂಗುಹಾಕಿದ ಮನೆಯಲ್ಲಿ ರಾತ್ರಿ ಏನು ಹೊದೆಯುತ್ತಾರೆ ಎಂಬ ಪ್ರಶ್ನೆಯನ್ನು ಬಿಡುವುದಿಲ್ಲ.

ಅಮೆರಿಕದಲ್ಲೇ ಎರಡು ಶಾಖೆ. ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಕರಿಯ ಹೆಂಗಸರು ಸವೆದ ಕೆಲಸದ ಬಟ್ಟೆಗಳಿಂದ ಮಾಡಿದ ಹೊದಿಕೆಗಳು 2002ರಲ್ಲಿ ಹ್ಯೂಸ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡವು. 2006ರಲ್ಲಿ ಅಲ್ಲಿನ ಅಂಚೆ ಇಲಾಖೆ ಅವುಗಳಲ್ಲಿ ಹತ್ತನ್ನು ಅಂಚೆಚೀಟಿಯ ಮೇಲೆ ಅಚ್ಚುಹಾಕಿತು. ಸವೆದ ಪ್ಯಾಂಟಿನ ಮಂಡಿಯ ಮಾಸಿದ ಗುರುತು ಹೊದಿಕೆಯಲ್ಲಿ ಹಾಗೇ ಉಳಿದಿರುವುದರಿಂದ ಇವು ಹಾರೂಗೇರಿಯ ಲಕ್ಷಣಕ್ಕೆ ಸಂಪೂರ್ಣ ಒಪ್ಪುತ್ತವೆ. ಇನ್ನೊಂದು ಶಾಖೆಯವರು ಅಂಗಡಿಯಿಂದ ಹೊಸ ಬಟ್ಟೆ ತಂದು, ತುಂಡು ಮಾಡಿ, ಮತ್ತೆ ಕೂಡಿಸುತ್ತಾರೆ. ಹದಿನೆಂಟು ಇಂಚಿಗೆ ಇಪ್ಪತ್ತೆರಡು ಇಂಚಿನ ಫ್ಯಾಟ್ ಕ್ವಾರ್ಟರ್, ಎರಡೂವರೆ ಇಂಚು ಅಗಲದ ಪಟ್ಟಿಗಳ ಸುರುಳಿ, ಎಲ್ಲವೂ ಕತ್ತರಿಸಿಯೇ ಸಿಗುತ್ತವೆ. ಕ್ರಿಸ್‌ಮಸ್ಸಿಗೆ ಅವುಗಳಿಂದ ಮೇಜಿನ ಹಾಸು, ಬಿಸಿಪಾತ್ರೆ ಹಿಡಿಯುವ ಬಟ್ಟೆ, ಉಡುಗೊರೆ ತುಂಬುವ ಕಾಲುಚೀಲ ಹೊಲಿಯುತ್ತಾರೆ. ಇದನ್ನು ವಿವರಿಸಿದಾಗ ಹಾರೂಗೇರಿಯಲ್ಲಿ ಹುಟ್ಟುವ ಭಾಷ್ಯ ಸಂಕ್ಷಿಪ್ತವಾದದ್ದು: “ಹೊಸಾ ಅರಬಿ ಹರದು ತ್ಯಾಪಿ ಹಚ್ಚೂದಾ? ಮಾಡಾಕ ಬ್ಯಾರೆ ಕೆಲಸಿಲ್ಲೇನ್ ಯವ್ವಾ ಅವರಿಗೆ?”

ದಾನಕಾಲ

ಬೇಸಿಗೆಯಲ್ಲಿ ಹೊಲಿದ ಕೌದಿಗೆ ಮೊದಲ ಮುಹೂರ್ತ ನಾಗರಪಂಚಮಿ. ತವರಿಗೆ ಬಂದ ಮಗಳು ಜೋಕಾಲಿ ಆಡಿ, ಉಂಡಿ ತಿಂದು, ಹೊರಡುವ ಹೊತ್ತಿಗೆ ಗಂಟಿನ ತಳದಲ್ಲಿ ಕೌದಿ ಇರುತ್ತದೆ. “ಬ್ಯಾಡ ಯವ್ವಾ, ಬಸ್ಸಿನ್ಯಾಗ ಹ್ಯಾಂಗ ಒಯ್ಯಲಿ” ಎಂದು ಮಗಳು ಮೂರು ಸಲ ಹೇಳಬೇಕು, ತಾಯಿ ಮೂರು ಸಲ ಕೇಳಿಸಿಕೊಳ್ಳದೆ ಇರಬೇಕು, ಇದು ವಿಧಿ. ಎರಡನೆಯ ಸಲಕ್ಕೇ ತಾಯಿ ಒಪ್ಪಿಕೊಂಡ ಮನೆಗಳಲ್ಲಿ ಮನಸ್ತಾಪ ದೀಪಾವಳಿಯವರೆಗೆ ಎಳೆದದ್ದುಂಟು.

ದಸರೆ ದಾನಕಾಲವಲ್ಲ, ಪರೀಕ್ಷಾಕಾಲ. ಘಟಸ್ಥಾಪನೆಗೆ ಮುಂಚೆ ಮನೆಯ ಹಾಸಿಗೆಗಳೆಲ್ಲ ಹೊಳೆಗೋ ಕಾಲುವೆಗೋ ಹೋಗುತ್ತವೆ. ಒಬ್ಬಳು ತುಳಿದು, ಇಬ್ಬರು ಎದುರುಬದುರು ನಿಂತು ತುದಿ ಹಿಡಿದು ತಿರುವುತ್ತಾರೆ. ನೀರು ಕುಡಿದ ಕೌದಿಯನ್ನು ಒಬ್ಬರೇ ಎತ್ತಲಾರರು. ಮಾತು ಬಿಟ್ಟ ನೆಗೆಣ್ಣಿಯರೂ ಆ ಹೊತ್ತಿಗೆ “ಆ ಕಡೆ ಹಿಡಿ” ಎಂಬ ಮೂರು ಶಬ್ದದ ಒಪ್ಪಂದಕ್ಕೆ ಬರಬೇಕಾಗುತ್ತದೆ. ಆಮೇಲೆ ಕಾಲುವೆಯ ದಂಡೆಯುದ್ದಕ್ಕೂ ಇಡೀ ಊರಿನ ಕೌದಿಗಳು ಒಣಗುತ್ತಿರುವಾಗ ಯಾರ ಸಾಲು ಬಿಟ್ಟಿದೆ, ಯಾರ ಬಣ್ಣ ಹೋಗಿದೆ, ಯಾರ ಮನೆಯ ಮೇಲ್ಪದರಿನಲ್ಲಿ ಯಾರ ಸೀರೆಯಿದೆ ಎಂಬ ಸಾರ್ವಜನಿಕ ಲೆಕ್ಕತಪಾಸಣೆ ನಡೆಯುತ್ತದೆ.

ದೀಪಾವಳಿಯ ಕೌದಿ ಅಳಿಯನಿಗೆ. ಅವನು ಬಯಸಿದ್ದು ಮೋಟಾರ್ ಸೈಕಲ್ಲಾದ್ದರಿಂದ ಅವನ ಮುಖಭಾವವನ್ನು ಶಾಸ್ತ್ರ ಚರ್ಚಿಸುವುದಿಲ್ಲ. ಮಾಘ ಮಾಸದ ಭಾರತ ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕನ ಜಾತ್ರೆ. ಮಹಾರಾಷ್ಟ್ರದ ಕಡೆಯಿಂದಲೂ ಎತ್ತಿನ ಗಾಡಿ ಕಟ್ಟಿಕೊಂಡು ಬರುವ ಭಕ್ತರಿಗೆ ಕಣಕಿಯ ಮೇಲೆ ಹಾಸಲು, ಚಳಿಗೆ ಹೊದೆಯಲು ಕೌದಿ ಬೇಕೇ ಬೇಕು. ಜಾತ್ರೆಗೆ ಹೊಸ ಕೌದಿ ಒಯ್ಯಬಾರದು ಎಂಬುದು ಹಿರಿಯರ ಮಾತು, ಭಂಡಾರದ ಹಳದಿ ಎಷ್ಟು ಒಗೆದರೂ ಹೋಗುವುದಿಲ್ಲ.

ಎಲ್ಲಕ್ಕೂ ಮೇಲಿನದು ತೊಟ್ಟಿಲ ಕೌದಿ. ಹುಟ್ಟಿದ ಕೂಸಿಗೆ ಮೊದಲು ಹಳೆಯ ಅರಿವೆಯನ್ನೇ ಸುತ್ತುವ ರೂಢಿಯಿದೆ. ಎಳೆಯ ಮೈಗೆ ಹೊಸ ಬಟ್ಟೆಯ ಗಂಜಿ ಚುಚ್ಚುತ್ತದೆ. ಅಜ್ಜಿಯ ಮೆತ್ತನೆಯ ಸೀರೆಯಿಂದ ಮೊಳ-ಎರಡು ಮೊಳದ ಕೌದಿ ಹೊಲಿದು, ಉಳಿದ ಚೂರಿನಿಂದ ಕುಲಾವಿ, ಕುಂಚಿಗೆ ಮಾಡುತ್ತಾರೆ. ಮಗಳು ಕಡಲಾಚೆ ಹಡೆದರೆ ಸಮಸ್ಯೆ ಭೌತಶಾಸ್ತ್ರದ್ದು. ವಿಮಾನದ 23 ಕಿಲೋ ಪೆಟ್ಟಿಗೆಯಲ್ಲಿ ಶೇಂಗಾ ಚಟ್ನಿ, ಕಟಿ ರೊಟ್ಟಿ, ಅಳ್ವಿ, ಗೋಕಾಕದ ಕರದಂಟು ಮತ್ತು ಕೌದಿ ಒಟ್ಟಿಗೆ ಹಿಡಿಯಬೇಕು. ಬಾಣಂತನಕ್ಕೆ ಹೊರಟ ಅನುಭವಿ ತಾಯಂದಿರು ಚಟ್ನಿಯ ಡಬ್ಬಿಗೆ ಕೌದಿ ಸುತ್ತಿ ಎರಡನ್ನೂ ಉಳಿಸುತ್ತಾರೆ; ಕೂಸಿಗೆ ಆಮೇಲೆ ಕೆಲವು ವಾರ ಬೆಳ್ಳುಳ್ಳಿಯ ಘಮ.

ಉಪದ್ರವ್ಯಗಳು

ಕೌದಿ ಹೊಲಿದು ಉಳಿದ ಚಿಂದಿಯಿಂದ ಹುಟ್ಟುವ ಕಿರು ಉಡುಗೊರೆಗಳಲ್ಲಿ ಎಲೆ-ಅಡಕೆಯ ಚಂಚಿ ಮುಖ್ಯ. ಲಾಡಿ ಎಳೆದರೆ ಬಾಯಿ ಮುಚ್ಚುವ, ಒಳಗೆ ಎಲೆಗೊಂದು, ಅಡಕೆಗೊಂದು, ಸುಣ್ಣದ ಡಬ್ಬಿಗೊಂದು ಮನೆ ಇರುವ ಈ ಚೀಲದ ಅತಿ ಒಳಗಿನ ಮನೆ ರೊಕ್ಕಕ್ಕೆ. ಅದರ ಅಸ್ತಿತ್ವ ಗಂಡನಿಗೆ ತಿಳಿದಿರಬಾರದು. ಪಗಡೆಯ ಹಾಸನ್ನು ನಾಲ್ಕು ಪಟ್ಟಿ ಕೂಡಿಸಿ ಕೂಡುಗೆರೆಯಾಗಿ ಹೊಲಿದರೆ ಮುದುಕರಿಗೆ ಕೊಡಬಹುದು, ಅವರು ಪಡಸಾಲೆಯಿಂದ ಕಟ್ಟೆಗೆ ಸ್ಥಳಾಂತರಗೊಳ್ಳುತ್ತಾರೆ. ಎತ್ತಿನ ಜೂಲ ಕಾರಹುಣ್ಣಿಮೆಗೆ. ಟ್ರ್ಯಾಕ್ಟರ್ ಬಂದ ಮನೆಗಳಲ್ಲಿ ಅದನ್ನು ಸೀಟಿಗೆ ಹಾಸಿದ್ದಾರೆ, ಟ್ರ್ಯಾಕ್ಟರಿನಿಂದ ಈವರೆಗೆ ಆಕ್ಷೇಪ ಬಂದಿಲ್ಲ. ಕೊಡ ಹೊರಲು ಸಿಂಬಿ, ರೊಟ್ಟಿಯ ಬುಟ್ಟಿಗೆ ಮುಚ್ಚುಬಟ್ಟೆ ಇತ್ಯಾದಿಗಳಿಗೆ ಪ್ರತ್ಯೇಕ ನಿಯಮಗಳಿಲ್ಲ.

ಎರವಲು

ಕೊಟ್ಟ ಕೌದಿಯನ್ನು ಮಾರುವುದು ನಿಷಿದ್ಧ, ತಿರುಗಿ ಕೇಳುವುದು ಅದಕ್ಕಿಂತ ನಿಷಿದ್ಧ. ಆದರೆ ಮದುವೆ ಮನೆಗೆ ಎರವಲು ಕೊಡಬಹುದು, ಕೊಡಲೇಬೇಕು. ಬೀಗರ ಕಡೆಯ ಒಂದು ಟೆಂಪೋ ಮಂದಿ ರಾತ್ರಿ ಉಳಿದರೆಂದರೆ ಓಣಿಯ ಕೌದಿಗಳೆಲ್ಲ ಒಂದೇ ಚಪ್ಪರದಡಿ ಸೇರುತ್ತವೆ. ಗುರುತಿಗಾಗಿ ಮೂಲೆಯಲ್ಲಿ ಹಸಿರು ದಾರದ ಗಂಟೋ, ಕೆಂಪು ದಾರದ ಅಡ್ಡಗೆರೆಯೋ ಹಾಕಿಟ್ಟಿರಬೇಕು. ಎರಡು ಮನೆಯವರು ಒಂದೇ ಬಣ್ಣದ ದಾರ ಬಳಸಿದ್ದರೆ ಆಗ ಪದರಿನ ಸಾಕ್ಷಿ ಕೇಳುತ್ತಾರೆ: ಕೆಳಗಿನಿಂದ ಎರಡನೆಯದು ಯಾರ ಸೀರೆ, ಅದರ ಅಂಚು ಯಾವ ಬಣ್ಣ, ಅದು ಯಾವ ಪಂಚಮಿಗೆ ಬಂದದ್ದು. ಉತ್ತರ ಸರಿಯಿದೆಯೇ ಎಂದು ನೋಡಲು ಹೊಲಿಗೆ ಬಿಚ್ಚಬೇಕು; ಬಿಚ್ಚಿದ ಸಾಲನ್ನು ಮತ್ತೆ ಹಾಕಿಕೊಡಲು ಯಾರೂ ಒಪ್ಪುವುದಿಲ್ಲ. ಆದ್ದರಿಂದ ಇಂಥ ಪ್ರಕರಣಗಳಲ್ಲಿ ಕೌದಿ ಸಾಮಾನ್ಯವಾಗಿ ಚಪ್ಪರದ ಸಾಮಾನಿನ ಜೊತೆ ಮದುವೆ ಮನೆಯ ಅಟ್ಟದಲ್ಲೇ ಉಳಿಯುತ್ತದೆ, ಮುಂದಿನ ಮದುವೆಯಲ್ಲಿ ಎರಡೂ ಮನೆಯವರು ಅದನ್ನು ಮತ್ತೆ ನೋಡುತ್ತಾರೆ.